ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರಿಗೆ ಪಾಲಿಕಾರ್ಬೊನೇಟ್ ವಿಂಡ್‌ಸ್ಕ್ರೀನ್: ರಟ್ಟಿನಿಂದ ಬೋಲ್ಟಿನವರೆಗೆ

ದಾವಣಗೆರೆಯಲ್ಲಿ ಚಾಸಿಸ್ ವೆಲ್ಡ್ ಮಾಡಿಸುವುದು ದೊಡ್ಡ ಮಾತಲ್ಲ. ಟ್ರೇಲರ್ ಕಟ್ಟುವವರಿದ್ದಾರೆ, ಲಾರಿ ಬಾಡಿ ಕಟ್ಟುವವರಿದ್ದಾರೆ, ಲೇತ್‌ನವರಿದ್ದಾರೆ. ಹಳೆಯ ಮಾರುತಿ 800 ಇಂಜಿನ್ ಹುಡುಕಿದರೆ ಸಿಗುತ್ತದೆ. ಕೆಲಸ ನಿಲ್ಲುವುದು ಮುಂದಿನ ಗಾಜಿನ ಹತ್ತಿರ. ನೀವು ಕಟ್ಟಿದ ಬಾಡಿಯ ಅಳತೆಗೆ ಬಾಗಿದ ಗಾಜು ಯಾವ ಅಂಗಡಿಯಲ್ಲೂ ಇರುವುದಿಲ್ಲ. ಒಂದೇ ಒಂದು ಗಾಜಿಗಾಗಿ ಅಚ್ಚು ಮಾಡಿ ಕೊಡುವವರೂ ಸಿಗುವುದಿಲ್ಲ. ಆಗ ಉಳಿಯುವ ದಾರಿ ಪಾಲಿಕಾರ್ಬೊನೇಟ್ ಶೀಟ್, ಅಂದರೆ ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಹಾಳೆ.

ಇದು ಹೊಸ ವಸ್ತುವೇನಲ್ಲ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆ ಬೇರೆಯಾಗಿ ಇದನ್ನು ತಯಾರಿಸಿದರು. ಮ್ಯಾಕ್ರೋಲಾನ್, ಲೆಕ್ಸಾನ್ ಎಂಬ ಹೆಸರುಗಳು ಅಲ್ಲಿಂದ ಬಂದವು. ನಿಮ್ಮ ಹೆಲ್ಮೆಟ್ಟಿನ ಮುಂದಿನ ವೈಸರ್ ಕೂಡ ಬಹುಮಟ್ಟಿಗೆ ಇದೇ. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಸುತ್ತಿಗೆಯಿಂದ ಹೊಡೆದರೂ ಚೂರಾಗುವುದಿಲ್ಲ. ಆದರೆ ಇದಕ್ಕೆ ಇದರದ್ದೇ ಆದ ಶತ್ರುಗಳಿವೆ. ಕಲ್ಲಿಗೆ ಒಡೆಯದ ಈ ಶೀಟ್ ತಿನ್ನರ್ ಹಚ್ಚಿದ ಬಟ್ಟೆಗೆ ಒಡೆಯುತ್ತದೆ, ತಪ್ಪಾಗಿ ಕೊರೆದ ತೂತಿಗೆ ಒಡೆಯುತ್ತದೆ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಮೊದಲು ಕಾನೂನಿನ ಮಾತು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದ ಪ್ರಕಾರ ರಸ್ತೆಯಲ್ಲಿ ಓಡುವ ಕಾರಿನ ಮುಂದಿನ ಗಾಜು ಲ್ಯಾಮಿನೇಟೆಡ್ ಸೇಫ್ಟಿ ಗ್ಲಾಸ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು) ಆಗಿರಬೇಕು. ಅದರ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು. ಪಾಲಿಕಾರ್ಬೊನೇಟ್ ಬೆಳಕಿನ ಲೆಕ್ಕದಲ್ಲಿ ಪಾಸಾಗುತ್ತದೆ, ಗಾಜು ಎಂಬ ಲೆಕ್ಕದಲ್ಲಿ ಪಾಸಾಗುವುದಿಲ್ಲ. ಮನೆಯಲ್ಲಿ ಕಟ್ಟಿದ ಕಾರಿಗೆ ನೋಂದಣಿ ಸಿಗುವುದೇ ಕಷ್ಟ ಅನ್ನುವುದು ಬೇರೆ ಮಾತು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಟ್ರ್ಯಾಕ್‌ಗೆ, ಆಟೋಕ್ರಾಸ್‌ಗೆ (ಮಣ್ಣಿನ ಬಯಲಿನಲ್ಲಿ ನಡೆಯುವ ಕಾರು ಸ್ಪರ್ಧೆ), ಸ್ವಂತ ಜಾಗದಲ್ಲಿ ಓಡಿಸುವುದಕ್ಕೆ. ಇದನ್ನು ಹಾಕಿಕೊಂಡು ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಇಳಿಯಬೇಡಿ. ಸ್ಪರ್ಧೆಗೆ ಹೋಗುವುದಾದರೆ ಆ ಸ್ಪರ್ಧೆಯ ನಿಯಮಪುಸ್ತಕದಲ್ಲಿ ವಿಂಡ್‌ಸ್ಕ್ರೀನ್ ಬಗ್ಗೆ ಏನಿದೆ ಅಂತ ಶೀಟ್ ಕೊಳ್ಳುವ ಮೊದಲೇ ಓದಿಕೊಳ್ಳಿ. ಇನ್ನು, ಯಾವ ಸ್ಕ್ರೀನ್ ಇದ್ದರೂ ಹೆಲ್ಮೆಟ್ ಬೇಕೇ ಬೇಕು.

ಶೀಟ್ ಕೊಳ್ಳುವುದು

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸುಮ್ನೆ ‘ಪಾಲಿಕಾರ್ಬೊನೇಟ್ ಶೀಟ್ ಕೊಡಿ’ ಅಂದರೆ ಮನೆ ಮುಂದಿನ ಚಪ್ಪರಕ್ಕೆ ಹಾಕುವ, ಒಳಗೆ ಟೊಳ್ಳಿರುವ ಶೀಟ್ ಎಳೆದು ತೋರಿಸುತ್ತಾರೆ. ಅದು ಬೇಡ. ಮೇಲೆ ವಜ್ರದಾಕಾರದ ಉಬ್ಬುಗೆರೆ ಇರುವುದೂ ಬೇಡ. ‘ಸಾಲಿಡ್ ಶೀಟ್, ಪ್ಲೇನ್, ಕ್ಲಿಯರ್’ ಅಂತ ಬಿಡಿಸಿ ಹೇಳಬೇಕು. ಕಾಂಪ್ಯಾಕ್ಟ್ ಶೀಟ್ ಅಂದರೂ ಅದೇ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಬೇಕಾಗುತ್ತದೆ. ಆಗ ಒಂದು ಮಾತು ಹೇಳಿ: ಸುರುಳಿ ಸುತ್ತಿ ಕಳಿಸಬೇಡಿ, ಎರಡು ಪ್ಲೈವುಡ್ ನಡುವೆ ಚಪ್ಪಟೆಯಾಗಿ ಕಟ್ಟಿ ಕಳಿಸಿ.

ನಾಮಫಲಕ ಮಾಡುವ ಅಂಗಡಿಯವರು ‘ಇದೂ ಅದೇ ಸಾರ್’ ಅಂತ ಅಕ್ರಿಲಿಕ್ ಕೊಡುವುದುಂಟು. ನೋಡಲು ಎರಡೂ ಒಂದೇ. ಅಕ್ರಿಲಿಕ್ ಇನ್ನೂ ಚೆನ್ನಾಗಿ ಹೊಳೆಯುತ್ತದೆ. ಆದರೆ ಕಲ್ಲು ಬಿದ್ದರೆ ಚೂಪಾದ ತುಂಡುಗಳಾಗಿ ಮುಖಕ್ಕೆ ಬರುತ್ತದೆ. ಕಂಡುಹಿಡಿಯುವುದು ಸುಲಭ. ಎರಡು ಬೆರಳಗಲದ ಒಂದು ಚೂರು ಕೇಳಿ ತೆಗೆದುಕೊಳ್ಳಿ. ವೈಸ್‌ನಲ್ಲಿ ಅರ್ಧ ಕಚ್ಚಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಳಿದರ್ಧವನ್ನು ಸುತ್ತಿಗೆಯಿಂದ ಬಡಿಯಿರಿ. ಅಕ್ರಿಲಿಕ್ ಟಪ್ ಅಂತ ಮುರಿಯುತ್ತದೆ. ಪಾಲಿಕಾರ್ಬೊನೇಟ್ ತಗಡಿನ ಹಾಗೆ ಮಡಚಿಕೊಳ್ಳುತ್ತದೆ. ಮಡಿಕೆಯ ಜಾಗ ಸ್ವಲ್ಪ ಮಬ್ಬಾಗಬಹುದು, ತುಂಡಾಗುವುದಿಲ್ಲ.

ದಪ್ಪ ಎಷ್ಟು? ಡ್ರೈವರ್ ಮುಂದೆ ಮಾತ್ರ ಇರುವ ಚಿಕ್ಕ ಸ್ಕ್ರೀನಿಗೆ 3 ಮಿ.ಮೀ. ಸಾಕು. ಕಾರಿನ ಅಗಲಕ್ಕೂ ಬರುವ ಸ್ಕ್ರೀನಿಗೆ 4 ಮಿ.ಮೀ. ನನ್ನ ಆಯ್ಕೆ. 5, 6 ಮಿ.ಮೀ. ಎತ್ತರದ ಸ್ಕ್ರೀನಿಗೆ ಸರಿ, ಆದರೆ ಬಾಗಿಸುವಾಗ ತೊಂದರೆ ಕೊಡುತ್ತದೆ. ಗಾಳಿಯ ಒತ್ತಡದ ಲೆಕ್ಕ ಹಾಕಿದರೆ ಅಂದಾಜು ಸಿಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನೆಟ್ಟಗೆ ನಿಂತ ಒಂದು ಚದರ ಮೀಟರ್ ಮೇಲೆ ಸುಮಾರು 47 ಕೆ.ಜಿ. ಭಾರದಷ್ಟು ಗಾಳಿ ಒತ್ತುತ್ತದೆ. ನಿಮ್ಮ ಸ್ಕ್ರೀನ್ 0.4 ಚದರ ಮೀಟರ್ ಇದ್ದರೆ ಸುಮಾರು 19 ಕೆ.ಜಿ. ಹಿಂದಕ್ಕೆ ಓರೆಯಾಗಿದ್ದರೆ ಅದಕ್ಕಿಂತ ಕಡಿಮೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 4 ಮಿ.ಮೀ. ಶೀಟ್ ಬಾಗಿ ನಿಂತಾಗ ಗಟ್ಟಿಯಾಗುತ್ತದೆ, ಚಪ್ಪಟೆಯಾಗಿದ್ದರೆ ಪಟಪಟ ಬಡಿಯುತ್ತದೆ. ಆದ್ದರಿಂದ ಸ್ವಲ್ಪವಾದರೂ ಬಾಗು ಇರಲಿ.

ಇನ್ನೆರಡು ವಿಷಯ ಅಂಗಡಿಯಲ್ಲೇ ಕೇಳಿ. ಒಂದು, ಬಿಸಿಲು ತಡೆಯುವ ಯು.ವಿ. ಪದರ ಇದೆಯೇ, ಯಾವ ಬದಿಗೆ ಇದೆ? ಆ ಬದಿಯ ರಕ್ಷಣಾ ಫಿಲ್ಮ್ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಅದು ಹೊರಗೆ ಬರಬೇಕು. ಪದರವಿಲ್ಲದ ಶೀಟ್ ನಮ್ಮ ಬಿಸಿಲಿಗೆ ಹಳದಿಯಾಗುತ್ತದೆ. ಎರಡು, ಗೀರು ಬೀಳದಂತೆ ಗಟ್ಟಿ ಕೋಟಿಂಗ್ ಇದೆಯೇ? ಇದ್ದರೆ ಒಳ್ಳೆಯದು, ಆದರೆ ಅಂಥ ಶೀಟನ್ನು ಜಾಸ್ತಿ ಬಾಗಿಸಿದರೆ ಅಥವಾ ಬಿಸಿ ಮಾಡಿದರೆ ಕೋಟಿಂಗ್ ಕೂದಲೆಳೆಯಂತೆ ಬಿರಿಯುತ್ತದೆ. ತಯಾರಕರು ಎಷ್ಟು ಬಾಗಿಸಬಹುದು ಅಂತ ಕೊಟ್ಟಿರುವ ಅಳತೆ ನೋಡಿಯೇ ಮುಂದುವರಿಯಬೇಕು.

ರಟ್ಟಿನ ಮಾದರಿ: ಇಲ್ಲೇ ಕೆಲಸದ ಅರ್ಧ ಭಾಗ

ಶೀಟಿಗೆ ಕೈ ಹಾಕುವ ಮೊದಲು ರಟ್ಟು ಹಿಡಿಯಿರಿ. ಫ್ರಿಜ್ ಬಂದ ದೊಡ್ಡ ಡಬ್ಬ ಒಳ್ಳೆಯದು. ರಟ್ಟಿನ ಒಳಗಿನ ಅಲೆಗೆರೆಗಳು ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಿ. ಆಗ ಅದು ಎಡದಿಂದ ಬಲಕ್ಕೆ ಸಲೀಸಾಗಿ ಬಾಗುತ್ತದೆ. ಅಡ್ಡಡ್ಡ ಇಟ್ಟರೆ ಅಲ್ಲಲ್ಲಿ ಮುರಿದು ಸುಳ್ಳು ಅಳತೆ ಕೊಡುತ್ತದೆ.

ಬಾನೆಟ್ಟಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಜಾಗದ ಮೇಲೆ ಮಧ್ಯದ ಗೆರೆ ಎಳೆದುಕೊಳ್ಳಿ. ರಟ್ಟಿನ ಮೇಲೂ ಒಂದು ಮಧ್ಯದ ಗೆರೆ. ಎರಡನ್ನೂ ಹೊಂದಿಸಿ, ರಟ್ಟನ್ನು ನಿಮಗೆ ಬೇಕಾದ ಓರೆಗೆ ನಿಲ್ಲಿಸಿ, ಮಾಸ್ಕಿಂಗ್ ಟೇಪಿನಿಂದ ತಾತ್ಕಾಲಿಕವಾಗಿ ಹಿಡಿಸಿ. ಕೆಳ ಅಂಚು ಬಾಡಿಗೆ ಕೂರುವುದಿಲ್ಲ, ಅಲ್ಲಲ್ಲಿ ಸಂದು ಇರುತ್ತದೆ. ಒಂದು ಚಿಕ್ಕ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ತುಂಡನ್ನು ಬಾಡಿಗೆ ತಾಗಿಸಿಕೊಂಡೇ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಬಾಡಿಯ ಏರಿಳಿತ ರಟ್ಟಿನ ಮೇಲೆ ಮೂಡುತ್ತದೆ. ಅದರ ಮೇಲೆ ಕತ್ತರಿಸಿ, ಮತ್ತೆ ಇಟ್ಟು ನೋಡಿ. ಎರಡು ಮೂರು ಸುತ್ತು ಆಗಬೇಕಾಗುತ್ತದೆ, ಬೇಸರ ಬೇಡ.

ಕೆಲವರು ಅರ್ಧ ಮಾದರಿ ಮಾಡಿ ಮಗುಚಿ ಇನ್ನರ್ಧ ಎಳೆಯುತ್ತಾರೆ. ಕಂಪನಿ ಕಾರಿಗಾದರೆ ಸರಿ. ನಾವು ಕೈಯಲ್ಲಿ ಕಟ್ಟಿದ ಬಾಡಿಯಲ್ಲಿ ಎಡಕ್ಕೂ ಬಲಕ್ಕೂ ಐದಾರು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಪೂರ್ತಿ ಮಾದರಿಯನ್ನೇ ಮಾಡಿ. ಮೇಲಿನ ಅಂಚನ್ನು ಮಾತ್ರ ಅರ್ಧ ಎಳೆದು ಮಗುಚಿ, ಏಕೆಂದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ರಟ್ಟು ಇನ್ನೊಂದು ಸತ್ಯ ಹೇಳುತ್ತದೆ. ಅದು ಸುಕ್ಕು ಬೀಳದೆ, ಮಡಿಕೆ ಬೀಳದೆ ಬಾಗಿ ನಿಂತರೆ ಪಾಲಿಕಾರ್ಬೊನೇಟ್ ಕೂಡ ನಿಲ್ಲುತ್ತದೆ. ಎಲ್ಲಾದರೂ ಸುಕ್ಕಾದರೆ ಅಲ್ಲಿ ಎರಡು ದಿಕ್ಕಿಗೂ ಬಾಗು ಬೇಕು ಅಂತ ಅರ್ಥ. ಅದು ಅಚ್ಚು, ವ್ಯಾಕ್ಯೂಮ್ (ಗಾಳಿ ಎಳೆದು ಬಿಸಿ ಶೀಟನ್ನು ಅಚ್ಚಿಗೆ ಕೂರಿಸುವುದು) ಅಂತ ಬೇರೆಯೇ ದಾರಿ. ನನ್ನ ಅಭಿಪ್ರಾಯ ಕೇಳಿದರೆ ಅಂಥ ಕಡೆ ಶೀಟನ್ನು ಬಗ್ಗಿಸುವ ಬದಲು ವಿನ್ಯಾಸವನ್ನೇ ಬದಲಿಸಿ.

ಎತ್ತರ ತೀರ್ಮಾನಿಸುವುದಕ್ಕೆ ಸೀಟಿನಲ್ಲಿ ಕೂತು, ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದುಕೊಳ್ಳಿ. ಸ್ಕ್ರೀನಿನ ಮೇಲಂಚು ಕಣ್ಣಿನ ನೇರಕ್ಕೆ ಬರಲೇಬಾರದು. ಒಂದೋ ಸ್ಕ್ರೀನಿನ ಮೇಲಿಂದ ನೋಡಬೇಕು, ಇಲ್ಲವೇ ಸ್ಕ್ರೀನಿನ ಮೂಲಕ ನೋಡಬೇಕು. ನಡುವೆ ಅಂಚು ಬಂದರೆ ರಸ್ತೆ ಎರಡು ತುಂಡಾಗಿ ಕಾಣುತ್ತದೆ, ಅರ್ಧ ಗಂಟೆಗೆ ತಲೆನೋವು. ಮೂಲಕ ನೋಡುವುದಾದರೆ ಓರೆ ಜಾಸ್ತಿ ಮಾಡಬೇಡಿ. ಶೀಟ್ ಮಲಗಿದಷ್ಟೂ ದೂರದ ವಸ್ತು ಅಲುಗಿದಂತೆ ಕಾಣುವುದು, ಡ್ಯಾಶ್‌ಬೋರ್ಡಿನ ನೆರಳು ಕಾಣುವುದು ಜಾಸ್ತಿ.

ರಟ್ಟು ಸರಿಯಾದ ಮೇಲೆ ಅದನ್ನು 3 ಮಿ.ಮೀ. ಹಾರ್ಡ್‌ಬೋರ್ಡಿಗೋ ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡಿಗೋ ಇಳಿಸಿ, ಕಾರಿನ ಮೇಲೆ ಮತ್ತೊಮ್ಮೆ ಕೂರಿಸಿ ನೋಡಿ. ರಟ್ಟು ತಪ್ಪನ್ನು ಮುಚ್ಚಿಡುತ್ತದೆ, ಗಟ್ಟಿ ಹಲಗೆ ತೋರಿಸಿಬಿಡುತ್ತದೆ.

ಬಾಗು ಎಷ್ಟಿದೆ ಅಂತ ಅಳೆಯಿರಿ

ಪಾಲಿಕಾರ್ಬೊನೇಟನ್ನು ಬಿಸಿ ಮಾಡದೆ ಬಾಗಿಸಬಹುದು. ಅದಕ್ಕೊಂದು ಮಿತಿ ಇದೆ: ಬಾಗಿನ ತ್ರಿಜ್ಯ ಶೀಟಿನ ದಪ್ಪದ 100 ಪಟ್ಟಿಗಿಂತ ಕಡಿಮೆ ಇರಬಾರದು. 3 ಮಿ.ಮೀ. ಶೀಟಿಗೆ 300 ಮಿ.ಮೀ., 4ಕ್ಕೆ 400, 6ಕ್ಕೆ 600. ಇದು ಗಟ್ಟಿ ಕೋಟಿಂಗ್, ಯು.ವಿ. ಪದರ ಎರಡೂ ಇಲ್ಲದ ಶೀಟಿನ ಲೆಕ್ಕ. ಯು.ವಿ. ಪದರ ಇರುವ ಶೀಟಿಗೆ ಇದಕ್ಕಿಂತ ದೊಡ್ಡ ತ್ರಿಜ್ಯ ಬೇಕಾಗಬಹುದು, ತಯಾರಕರ ಅಳತೆ ನೋಡಿಕೊಳ್ಳಿ.

ತ್ರಿಜ್ಯ ತಿಳಿಯುವುದು ಹೇಗೆ? ದಾರ, ಸ್ಕೇಲ್ ಸಾಕು. ಕೂರಿಸಿದ ಮಾದರಿಯ ಒಳಬದಿಗೆ, ಬಾಗಿಗೆ ಅಡ್ಡಲಾಗಿ, ಎರಡು ತುದಿಗೆ ದಾರ ಬಿಗಿಯಿರಿ. ದಾರದ ನಡುಮಧ್ಯದಿಂದ ಮಾದರಿಯ ಹೊಟ್ಟೆಯವರೆಗೆ ಎಷ್ಟಿದೆ ನೋಡಿ. ದಾರದ ಉದ್ದವನ್ನು ಅದರಿಂದಲೇ ಗುಣಿಸಿ, ಹೊಟ್ಟೆಯ ಅಳತೆಯ ಎಂಟರಷ್ಟರಿಂದ ಭಾಗಿಸಿ, ಬಂದ ಉತ್ತರಕ್ಕೆ ಹೊಟ್ಟೆಯ ಅಳತೆಯ ಅರ್ಧ ಕೂಡಿಸಿ. ದಾರ 1100 ಮಿ.ಮೀ., ಹೊಟ್ಟೆ 150 ಮಿ.ಮೀ. ಅಂದುಕೊಳ್ಳಿ. 12,10,000 ಭಾಗಿಸು 1,200 ಅಂದರೆ 1,008. ಅದಕ್ಕೆ 75 ಸೇರಿಸಿದರೆ 1,083 ಮಿ.ಮೀ. ಆರಾಮಾಗಿ ಬಾಗುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಸ್ಕ್ರೀನು ಎಲ್ಲ ಕಡೆ ಒಂದೇ ಸಮ ಬಾಗುವುದಿಲ್ಲ. ನಡುವೆ ಚಪ್ಪಟೆ, ಎರಡು ಮೂಲೆಗಳಲ್ಲಿ ತಿರುವು ಜಾಸ್ತಿ. ಅಲ್ಲಿ 300 ಮಿ.ಮೀ. ದಾರ ಹಿಡಿದು ಮತ್ತೆ ಅಳೆಯಿರಿ. ಹೊಟ್ಟೆ 30 ಮಿ.ಮೀ. ಬಂತು ಅನ್ನಿ. 90,000 ಭಾಗಿಸು 240 ಅಂದರೆ 375, ಅದಕ್ಕೆ 15 ಸೇರಿ 390. ಈಗ ನೋಡಿ, 3 ಮಿ.ಮೀ. ಶೀಟಿಗೆ ಅಡ್ಡಿಯಿಲ್ಲ, 4 ಮಿ.ಮೀ. ಶೀಟಿಗೆ ಮಿತಿ ದಾಟಿತು. ಇಡೀ ಅಗಲದ ಲೆಕ್ಕ ನಂಬಿಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಇಂಥ ಕಡೆ ಮೂರು ದಾರಿ: ತೆಳ್ಳನೆಯ ಶೀಟ್ ತೆಗೆದುಕೊಳ್ಳಿ, ತಿರುವು ಸಡಿಲ ಮಾಡಿ, ಇಲ್ಲವೇ ಬಿಸಿ ಮಾಡಿ ಬಾಗಿಸಿ.

ಬಿಸಿ ಮಾಡಲೇಬೇಕಾದರೆ

ಇದಕ್ಕೆ ಬೇಕಾದ ದೊಡ್ಡ ಓವನ್ ನಮ್ಮೂರಲ್ಲಿ ಇರುವುದು ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಬಿಸಿಯಲ್ಲಿ ಕೂರಿಸುವುದು) ಮಾಡುವವರ ಹತ್ತಿರ. ಕೇಳಿದ ಕೂಡಲೇ ಒಪ್ಪುವುದಿಲ್ಲ. ‘ಪ್ಲಾಸ್ಟಿಕ್ ಹಾಕಂಗಿಲ್ಲ ಸಾರ್, ಕರಗಿ ಸುರಿದ್ರೆ ಯಾರು ಕೆರೀತಾರೆ?’ ಅನ್ನುತ್ತಾರೆ. ಅವರ ಮಾತೂ ಸರಿಯೇ. ಪೌಡರ್ ಕೋಟಿಂಗ್ 180ರಿಂದ 200 ಡಿಗ್ರಿಯಲ್ಲಿ ನಡೆಯುತ್ತದೆ. ನಮಗೆ ಬೇಕಾದ್ದು 150ರಿಂದ 155 ಮಾತ್ರ. ‘ಅಣ್ಣ, ಬೆಳಿಗ್ಗೆ ನಿಮ್ಮ ಮೊದಲ ಲಾಟಿಗೆ ಮುಂಚೆ, ಕಡಿಮೆ ಹೀಟಲ್ಲಿ ಮಾಡ್ಕೊತೀನಿ, ಬಾಡಿಗೆ ಕೊಡ್ತೀನಿ’ ಅಂದರೆ ಒಪ್ಪಬಹುದು. ಬೇಕರಿ ಓವನ್ ಕೇಳಬೇಡಿ, ಅನ್ನ ಬೇಯಿಸುವ ಕಡೆ ಪ್ಲಾಸ್ಟಿಕ್ ಇಡುವುದು ತಪ್ಪು.

ಪಾಲಿಕಾರ್ಬೊನೇಟ್ 147 ಡಿಗ್ರಿ ಹತ್ತಿರ ಮೆತ್ತಗಾಗಲು ಶುರು. ಅಚ್ಚಿನ ಮೇಲೆ ಶೀಟ್ ಇಟ್ಟು, ಎರಡನ್ನೂ ಒಟ್ಟಿಗೆ ಓವನ್ ಒಳಗೆ ಬಿಟ್ಟರೆ ತನ್ನ ತೂಕಕ್ಕೆ ತಾನೇ ಮೆಲ್ಲಗೆ ಜಗ್ಗಿ ಅಚ್ಚಿಗೆ ಕೂರುತ್ತದೆ. ಎಳೆಯುವುದು, ಒತ್ತುವುದು ಏನೂ ಬೇಡ. ಅಚ್ಚನ್ನು ಕಬ್ಬಿಣದ ಚೌಕಟ್ಟಿನ ಮೇಲೆ ತಗಡು ಬಾಗಿಸಿ ಮಾಡಬಹುದು. ತಗಡಿನ ಮೇಲೆ ಮೆತ್ತನೆಯ ಹತ್ತಿ ಫ್ಲಾನೆಲ್ ಬಟ್ಟೆ ಎರಡು ಪದರ, ಸುಕ್ಕಿಲ್ಲದಂತೆ. ಚಳ್ಳಕೆರೆ ಕಂಬಳಿ ಬೆಚ್ಚಗಿರುತ್ತದೆ ನಿಜ, ಇಲ್ಲಿಗೆ ಬೇಡ. ಅದರ ನೇಯ್ಗೆ ಪೂರ್ತಿ ಶೀಟಿನ ಮೇಲೆ ಅಚ್ಚಾಗಿ ಕೂರುತ್ತದೆ.

ಓವನ್‌ಗೆ ಹಾಕುವ ಮೊದಲು ಎರಡೂ ಬದಿಯ ಫಿಲ್ಮ್ ತೆಗೆಯಬೇಕು. ಅದಕ್ಕೂ ಮೊದಲು ಯು.ವಿ. ಬದಿಯ ಮೂಲೆಯಲ್ಲಿ, ಆಮೇಲೆ ಕತ್ತರಿಸಿ ಹೋಗುವ ಜಾಗದಲ್ಲಿ, ಗುರುತು ಗೀಚಿಕೊಳ್ಳಿ. ಫಿಲ್ಮ್ ಹೋದ ಮೇಲೆ ಯಾವ ಬದಿ ಯಾವುದು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ತೇವದ ವಿಷಯ ಮರೆಯಬೇಡಿ. ಈ ಶೀಟ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. 160 ಡಿಗ್ರಿ ದಾಟಿದರೆ ಆ ತೇವ ಒಳಗೇ ಕುದಿದು ಸಾಸಿವೆ ಗಾತ್ರದ ಗುಳ್ಳೆಗಳಾಗುತ್ತವೆ, ಮತ್ತೆ ಹೋಗುವುದಿಲ್ಲ. 155ರ ಒಳಗೆ ಇದ್ದರೆ ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಅದೇ ಶೀಟಿನ ಒಂದು ಚೂರನ್ನು ಮೊದಲು ಓವನ್‌ನಲ್ಲಿ ಇಟ್ಟು ನೋಡಿ. ಗುಳ್ಳೆ ಕಂಡರೆ ಇಡೀ ಶೀಟನ್ನು 120–125 ಡಿಗ್ರಿಯಲ್ಲಿ ಒಣಗಿಸಬೇಕು: 3 ಮಿ.ಮೀ.ಗೆ ಸುಮಾರು 7 ಗಂಟೆ, 4 ಮಿ.ಮೀ.ಗೆ ಸುಮಾರು 12 ಗಂಟೆ. ಓವನ್ ಬಾಡಿಗೆ ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತದೆ. ಓವನ್‌ನ ಡಿಸ್‌ಪ್ಲೇ ಒಂದು ಮೂಲೆಯ ಬಿಸಿ ಮಾತ್ರ ತೋರಿಸುವುದರಿಂದ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇರುವ ಮೀಟರ್ ಒಯ್ದು, ಅದರ ತುದಿಯನ್ನು ಶೀಟ್ ಪಕ್ಕದಲ್ಲೇ ಇಡಿ.

ಕೂತ ಮೇಲೆ ಓವನ್ ಆಫ್ ಮಾಡಿ, ಬಾಗಿಲು ಸ್ವಲ್ಪವೇ ತೆರೆದು, ಒಳಗೇ ತಣಿಯಲು ಬಿಡಿ. ಫ್ಯಾನ್ ಹಾಕಬೇಡಿ. ಹೊರಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬನ್ನಿ. ಮೊದಲ ಸಲ ಬಿಸಿಯಾದಾಗ ಶೀಟ್ ಸ್ವಲ್ಪ ಕುಗ್ಗುವುದರಿಂದ ಸುತ್ತಲೂ ಮೂರು ನಾಲ್ಕು ಸೆಂ.ಮೀ. ಹೆಚ್ಚು ಇಟ್ಟೇ ಬಾಗಿಸಿ, ಆಮೇಲೆ ಅಳತೆಗೆ ಕತ್ತರಿಸಿ.

ಕತ್ತರಿಸುವುದು, ಅಂಚು ನಯ ಮಾಡುವುದು

ಫಿಲ್ಮ್ ಇರುವಾಗಲೇ ಕತ್ತರಿಸಿ. ಬಿಸಿ ಮಾಡಿ ಬಾಗಿಸಿದ್ದಾದರೆ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಜಿಗ್‌ಸಾಗೆ ಅಲ್ಯೂಮಿನಿಯಂ ಕತ್ತರಿಸುವ ಸಣ್ಣ ಹಲ್ಲಿನ ಬ್ಲೇಡ್, ಮಧ್ಯಮ ವೇಗ. ವೇಗ ಜಾಸ್ತಿಯಾದರೆ ಪ್ಲಾಸ್ಟಿಕ್ ಕರಗಿ, ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಶೀಟಿನ ಕೆಳಗೆ ಪ್ಲೈವುಡ್ ಕೊಟ್ಟು ಕ್ಲಾಂಪ್ ಹಾಕಿ, ಕಂಪಿಸಬಾರದು. ಆಂಗಲ್ ಗ್ರೈಂಡರ್ ಬೇಡವೇ ಬೇಡ. ಬೋರ್ಡ್ ಅಂಗಡಿಯವರು ಲೇಸರ್‌ನಲ್ಲಿ ಕತ್ತರಿಸಿ ಕೊಡುತ್ತೇವೆ ಅಂದರೂ ಬೇಡ ಅನ್ನಿ. ಲೇಸರ್ ಅಕ್ರಿಲಿಕ್‌ಗೆ ಚೆನ್ನ, ಪಾಲಿಕಾರ್ಬೊನೇಟಿನ ಅಂಚನ್ನು ಸುಟ್ಟು ಕಂದು ಮಾಡುತ್ತದೆ. ಅವರ ಹತ್ತಿರ ಸಿ.ಎನ್.ಸಿ. ರೂಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಇದ್ದರೆ ಅದರಲ್ಲಿ ಮಾಡಿಸಬಹುದು.

ಗೆರೆಯಿಂದ ಎರಡು ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ ತೆಗೆಯಿರಿ. ಒಳಮೂಲೆ ಎಲ್ಲಿ ಬಂದರೂ ಮೊದಲು 10 ಮಿ.ಮೀ. ತೂತು ಕೊರೆದು, ಆ ತೂತಿಗೆ ಬಂದು ನಿಲ್ಲುವಂತೆ ಕತ್ತರಿಸಿ. ಚೂಪಾದ ಒಳಮೂಲೆಯಿಂದಲೇ ಬಿರುಕು ಹುಟ್ಟುವುದು. ಅರ ಆದ ಮೇಲೆ ಹ್ಯಾಕ್ಸಾ ಬ್ಲೇಡಿನ ಬೆನ್ನಿನಿಂದ ಅಂಚನ್ನು ಕೆರೆಯಿರಿ, ನಂತರ 180, 320, 600 ನಂಬರಿನ ಸ್ಯಾಂಡ್ ಪೇಪರ್. ಸಾಕಾಯಿತೇ ಅಂತ ನೋಡಲು ಹಳೆ ಬನಿಯನ್ ಬಟ್ಟೆಯನ್ನು ಅಂಚಿನ ಉದ್ದಕ್ಕೂ ಹಗುರವಾಗಿ ಎಳೆಯಿರಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲೊಂದು ಕಚ್ಚು ಇದೆ. ಅಕ್ರಿಲಿಕ್‌ಗೆ ಮಾಡುವಂತೆ ಅಂಚಿಗೆ ಬೆಂಕಿ ತೋರಿಸಿ ಹೊಳಪು ಮಾಡಲು ಹೋಗಬೇಡಿ.

ತೂತು

ಹೆಚ್ಚಿನ ಸ್ಕ್ರೀನುಗಳು ಸಾಯುವುದು ತೂತಿನಲ್ಲಿ. ಕಾರಣ ಸರಳ. ಒಂದು ಮೀಟರ್ ಪಾಲಿಕಾರ್ಬೊನೇಟ್ ಪ್ರತಿ ಡಿಗ್ರಿಗೆ ಸುಮಾರು 0.065 ಮಿ.ಮೀ. ಹಿಗ್ಗುತ್ತದೆ, ಗಾಜಿನ ಏಳು ಪಟ್ಟು. ಏಪ್ರಿಲ್ ತಿಂಗಳಲ್ಲಿ ಬೆಳಗಿನ ಜಾವ ಶೀಟ್ 20 ಡಿಗ್ರಿ ಇದ್ದರೆ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಮೇಲೆ 60 ಆಗಬಹುದು. 1150 ಮಿ.ಮೀ. ಉದ್ದದ ಸ್ಕ್ರೀನ್ ಆಗ 3 ಮಿ.ಮೀ. ಬೆಳೆಯುತ್ತದೆ. ಕೆಳಗಿನ ಬಾಡಿ ಅಷ್ಟು ಬೆಳೆಯುವುದಿಲ್ಲ. ಬೋಲ್ಟು ಬಿಗಿಯಾದ ತೂತಿನಲ್ಲಿದ್ದರೆ ಎಲ್ಲ ಎಳೆತ ಆ ತೂತಿನ ಅಂಚಿಗೇ ಬೀಳುತ್ತದೆ.

ಆದ್ದರಿಂದ ಎಂ5 (5 ಮಿ.ಮೀ. ದಪ್ಪದ) ಬೋಲ್ಟಿಗೆ 8 ಮಿ.ಮೀ. ತೂತು. ನಟ್ಟ ನಡುವಿನ ಒಂದು ತೂತು ಮಾತ್ರ 5.5 ಮಿ.ಮೀ. ಇರಲಿ. ಸ್ಕ್ರೀನು ಅಲ್ಲಿ ನೆಲೆಯಾಗಿ, ಎರಡೂ ಕಡೆಗೆ ಹಿಗ್ಗಲಿ. ತೂತಿನ ಮಧ್ಯದಿಂದ ಶೀಟಿನ ಅಂಚಿಗೆ ಕನಿಷ್ಠ ತೂತಿನ ಅಗಲದ ಎರಡರಷ್ಟು ಅಂತರ ಬೇಕು, ನಾನು 20 ಮಿ.ಮೀ. ಬಿಡುತ್ತೇನೆ. ತೂತಿನಿಂದ ತೂತಿಗೆ 120ರಿಂದ 150 ಮಿ.ಮೀ.

ಸ್ಕ್ರೀನನ್ನು ಕಾರಿನ ಮೇಲೆ ಕ್ಲಾಂಪ್ ಹಾಕಿ ಬಾಗಿಸಿ ನಿಲ್ಲಿಸಿ, ತೂತಿನ ಗುರುತು ಹಾಕಿ. ಅಲ್ಲೇ ಕೊರೆಯಬೇಡಿ. ಇಳಿಸಿ, ಚಪ್ಪಟೆ ಮಾಡಿ, ಕೆಳಗೆ ಮರದ ಹಲಗೆ ಕೊಟ್ಟು ಕೊರೆಯಿರಿ. ಬಿಸಿ ಮಾಡಿ ಬಾಗಿಸಿದ್ದಾದರೆ ಕೊರೆಯುವ ಜಾಗದ ಕೆಳಗೆ ಮರದ ತುಂಡು ಒತ್ತಿ ಹಿಡಿಯಲು ಒಬ್ಬರು ಬೇಕು. ಹೊಸ ಡ್ರಿಲ್ ಬಿಟ್ ಅಥವಾ ಮೆಟ್ಟಿಲು ಬಿಟ್, ನಿಧಾನ ವೇಗ, ನಡುನಡುವೆ ಎತ್ತಿ ಸಿಪ್ಪೆ ಬೀಳಿಸಬೇಕು. ಎಣ್ಣೆ ಹಾಕಬೇಡಿ. ಸಿಪ್ಪೆ ಉದ್ದ ಸುರುಳಿಯಾಗಿ ಬಂದರೆ ಸರಿಯಾಗಿದೆ, ಕರಗಿ ಬಿಟ್ಟಿಗೆ ಮೆತ್ತಿಕೊಂಡರೆ ವೇಗ ಜಾಸ್ತಿ. ಪ್ರತಿ ತೂತಿನ ಎರಡೂ ಬಾಯಿಯನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನಯ ಮಾಡಿ.

ಕೂರಿಸುವುದು

ಕೆಳಗೆ ಬಾಡಿಗೆ ಅಲ್ಯೂಮಿನಿಯಂ ಪಟ್ಟಿ ಅಥವಾ ಆಂಗಲ್ ಇರುತ್ತದೆ. ಅದಕ್ಕೂ ಶೀಟಿಗೂ ನಡುವೆ 2–3 ಮಿ.ಮೀ. ಇ.ಪಿ.ಡಿ.ಎಂ. (ಬಿಸಿಲು ಮಳೆ ತಾಳುವ) ರಬ್ಬರ್ ಪಟ್ಟಿ. ಮೆತ್ತನೆಯ ಪಿ.ವಿ.ಸಿ. ಬೀಡಿಂಗ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದನ್ನು ಮೆತ್ತಗೆ ಮಾಡಲು ಹಾಕಿದ ಎಣ್ಣೆಯಂಥ ಪದಾರ್ಥ ಹೊರಬಂದು ಪಾಲಿಕಾರ್ಬೊನೇಟನ್ನು ತಿನ್ನುತ್ತದೆ. ಬೋಲ್ಟ್ ತಲೆ ಚಪ್ಪಟೆ ಅಥವಾ ಗುಂಡಗಿರಲಿ. ಕೋನಾಕಾರದಲ್ಲಿ ಒಳಗೆ ಕೂರುವ ತಲೆಯ ಸ್ಕ್ರೂ ತೂತನ್ನು ಸೀಳುತ್ತದೆ. ತಲೆಯ ಕೆಳಗೆ ಅಗಲ ವಾಷರ್, ಅದರ ಕೆಳಗೆ ರಬ್ಬರ್ ವಾಷರ್. ಒಳಗಿನಿಂದ ನೈಲಾಕ್ ನಟ್ (ನೈಲಾನ್ ಉಂಗುರ ಇರುವುದರಿಂದ ತಾನಾಗಿ ಸಡಿಲವಾಗದ ನಟ್).

ನಡುವಿನ ಬೋಲ್ಟ್ ಮೊದಲು, ಆಮೇಲೆ ಒಂದು ಎಡ, ಒಂದು ಬಲ, ಹೀಗೆ ತುದಿಯವರೆಗೆ. ಇಬ್ಬರು ಬೇಕು. ಬಿಸಿ ಮಾಡದೆ ಬಾಗಿಸಿದ ಶೀಟ್ ಸದಾ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ. ಕೈ ತಪ್ಪಿದರೆ ಮುಖಕ್ಕೆ ಬರುತ್ತದೆ. ಎರಡು ತುದಿಯಲ್ಲೂ ಗಟ್ಟಿ ಬ್ರಾಕೆಟ್ ಕೊಡಿ, ಕೆಳಗಿನ ಬೋಲ್ಟುಗಳ ಮೇಲೇ ಎಲ್ಲ ಭಾರ ಬಿಡಬೇಡಿ. ರಬ್ಬರ್ ವಾಷರ್ ಸ್ವಲ್ಪ ಒತ್ತಿತು ಅನ್ನುವಾಗ ನಿಲ್ಲಿಸಿ. ಬೆರಳಲ್ಲಿ ವಾಷರ್ ತಿರುಗಿಸಿದರೆ ಕಷ್ಟದಿಂದ ತಿರುಗಬೇಕು, ಅಷ್ಟೇ ಬಿಗಿ. ಮೇಲಂಚಿಗೆ ರಬ್ಬರಿನ ಯು ಬೀಡಿಂಗ್ ಹಾಕಿ. ಅಪಘಾತದಲ್ಲಿ ಎದೆಗೋ ಗಂಟಲಿಗೋ ತಾಗುವುದು ಆ ಅಂಚೇ.

ನೀರು ಬರಬಾರದೆಂದು ಸಿಲಿಕೋನ್ ಹಾಕುವುದಾದರೆ ನ್ಯೂಟ್ರಲ್ ಕ್ಯೂರ್ ಕೇಳಿ. ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಮಾಮೂಲಿ ಸಿಲಿಕೋನ್ ಬೇಡ.

ತಾಗಿಸಬಾರದ ವಸ್ತುಗಳು

ತಿನ್ನರ್, ಅಸಿಟೋನ್, ಪೆಟ್ರೋಲ್, ಬ್ರೇಕ್ ಆಯಿಲ್, ಬೋಲ್ಟು ಸಡಿಲವಾಗದಂತೆ ಹಚ್ಚುವ ಥ್ರೆಡ್ ಲಾಕರ್, ಅಮೋನಿಯಾ ಇರುವ ಗಾಜು ಒರೆಸುವ ಸ್ಪ್ರೇ, ಅಕ್ರಿಲಿಕ್ ಅಂಟಿಸಲು ಬೋರ್ಡ್ ಅಂಗಡಿಯವರು ಬಳಸುವ ಕ್ಲೋರೋಫಾರ್ಮ್. ಇವೆಲ್ಲ ಗ್ಯಾರೇಜಿನಲ್ಲಿ ಕೈಗೆಟಕುವಲ್ಲೇ ಇರುತ್ತವೆ. ತೊಂದರೆ ಏನೆಂದರೆ, ಚಪ್ಪಟೆ ಚೂರಿಗೆ ಹಚ್ಚಿ ನೋಡಿದರೆ ಕೆಲವು ಏನೂ ಮಾಡದಂತೆ ಕಾಣುತ್ತವೆ. ಬಾಗಿ, ಬೋಲ್ಟಿನಲ್ಲಿ ಬಿಗಿದು, ಒಳಗೆ ಎಳೆತ ಇರುವ ಶೀಟಿಗೆ ತಾಗಿದಾಗ ಮಾತ್ರ ಒಡೆಸುತ್ತವೆ. ಮೆಕ್ಯಾನಿಕ್ ಹುಡುಗ ಪ್ರೀತಿಯಿಂದ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಹೊಳಪು ಮಾಡಿ ಕೊಟ್ಟ ಸ್ಕ್ರೀನು ಮರುದಿನ ಬೋಲ್ಟಿನ ಸುತ್ತ ಜೇಡನ ಬಲೆ ಕಟ್ಟಿಕೊಂಡಿರುವುದು ಹೀಗೆ.

ಪರೀಕ್ಷೆ ಮಾಡುವ ಸರಿಯಾದ ಕ್ರಮ ಇದು. ಎರಡು ಬೆರಳಗಲ, ಒಂದು ಗೇಣುದ್ದದ ಪಟ್ಟಿ ಕತ್ತರಿಸಿ ಅಂಚು ನಯ ಮಾಡಿ. ಬಿಲ್ಲಿನಂತೆ ಬಾಗಿಸಿ ಎರಡು ತುದಿಗೆ ತಂತಿ ಕಟ್ಟಿ. ಹೊರಬಾಗಿನ ಮೇಲೆ ನೀವು ಬಳಸಬೇಕೆಂದಿರುವ ಶಾಂಪೂ, ಪಾಲಿಶ್, ಸಿಲಿಕೋನ್ ಯಾವುದೋ ಅದನ್ನು ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆಳ್ಳಿಯ ಕೂದಲಿನಂಥ ಅಡ್ಡಗೆರೆಗಳು ಮಿನುಗಿದರೆ ಆ ಡಬ್ಬಿಯನ್ನು ಕಾರಿನ ಹತ್ತಿರ ತರಬೇಡಿ. ಬ್ರೇಕ್ ಆಯಿಲ್ ಡಬ್ಬಿ ಸ್ಕ್ರೀನಿನ ಬುಡದಲ್ಲೇ ಇರುವ ಕಾರುಗಳಲ್ಲಿ ಆಯಿಲ್ ತುಂಬಿಸುವಾಗ ಸ್ಕ್ರೀನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿ.

ಅಂಟಿನ ಕಲೆ ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು, ಒರೆಸಿದ ಮೇಲೆ ನೀರು ಹಾಕಿ ತೊಳೆಯಿರಿ.

ಗೀರು, ಧೂಳು, ಟಾರ್ಪಾಲು

ಗೀರು ಬೀಳದ ಪಾಲಿಕಾರ್ಬೊನೇಟ್ ಇಲ್ಲ. ವೈಪರ್ ಹಾಕುವ ಯೋಚನೆ ಬಿಡಿ, ಕೋಟಿಂಗ್ ಇಲ್ಲದ ಶೀಟನ್ನು ಅದು ಕೆಲವೇ ದಿನದಲ್ಲಿ ಮಂಜು ಮಾಡುತ್ತದೆ. ದಾವಣಗೆರೆಯಲ್ಲಿ ಇನ್ನೊಂದು ಕಾಟ ಇದೆ. ರೈಸ್ ಮಿಲ್ ಹತ್ತಿರ ಶೆಡ್ ಇದ್ದರೆ ಭತ್ತದ ಹೊಟ್ಟಿನ ಬೂದಿ ಹಾರಿ ಬಂದು ಕೂರುತ್ತದೆ. ನೋಡಲು ಹೂವಿನಷ್ಟು ಮೃದು. ಆದರೆ ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಒಣಬಟ್ಟೆ ಹಾಕಿ ಒರೆಸಿದಿರೋ, ಸ್ಯಾಂಡ್ ಪೇಪರ್ ತಿಕ್ಕಿದಂತೆಯೇ. ಮೆಕ್ಕೆಜೋಳ ಒಕ್ಕುವ ಕಾಲದ ಧೂಳೂ ಕಡಿಮೆಯೇನಲ್ಲ. ಮೊದಲು ಪೈಪಿನ ನೀರು ಬಿಟ್ಟು ಧೂಳು ಹರಿದು ಹೋಗಲಿ. ಆಮೇಲೆ ಸೌಮ್ಯ ಸೋಪಿನ ನೀರು, ಮೈಕ್ರೋಫೈಬರ್ ಬಟ್ಟೆ, ಒಂದೇ ದಿಕ್ಕಿಗೆ. ಬಿಸಿಲಲ್ಲಿ ಕಾದ ಶೀಟಿನ ಮೇಲೆ ತೊಳೆಯಬೇಡಿ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಟ್ರ್ಯಾಕಿಗೋ ಲಾರಿ ಮೇಲೆ ಕಾರು ಒಯ್ಯುವವರು ಇದನ್ನು ಗಮನಿಸಿ. ಹೆದ್ದಾರಿ 48ರಲ್ಲಿ ಚಿತ್ರದುರ್ಗ ದಾಟುವಷ್ಟರಲ್ಲೇ, ಗಾಳಿಗೆ ಬಡಿಯುವ ಟಾರ್ಪಾಲು ಅದರಡಿ ಸಿಕ್ಕ ಧೂಳಿನ ಸಮೇತ ಸ್ಕ್ರೀನನ್ನು ಉಜ್ಜಿ ಹಾಕಿರುತ್ತದೆ. ಆ ಗುಡ್ಡಗಳ ಮೇಲೆ ಸುಮ್ನೆ ಅಷ್ಟು ಗಾಳಿಗಿರಣಿ ನೆಟ್ಟಿಲ್ಲ. ಬೋಲ್ಟು ಬಿಚ್ಚಿ, ಸ್ಕ್ರೀನನ್ನು ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿ ಕ್ಯಾಬಿನ್ ಒಳಗೆ ಇಟ್ಟುಕೊಳ್ಳಿ.

ಪ್ರತಿ ಸಲ ಓಡಿಸಿದ ಮೇಲೆ ಬೋಲ್ಟುಗಳ ಸುತ್ತ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕೂದಲಿನಂಥ ಬಿರುಕು ಶುರುವಾಗಿದ್ದರೆ, ಹಳದಿ ತಿರುಗಿದ್ದರೆ, ಎದುರು ಬಿಸಿಲಿಗೆ ನಡುವಿನ ಭಾಗ ಮಬ್ಬಾಗಿ ಕಂಡರೆ ಬದಲಿಸುವ ಹೊತ್ತಾಯಿತು. ಬಿರುಕಿನ ತುದಿಗೆ ತೂತು ಕೊರೆದು ನಿಲ್ಲಿಸುತ್ತೇನೆ ಅನ್ನುವ ಉಪಾಯ ಇಲ್ಲಿ ಕೆಲವು ದಿನಕ್ಕೆ ಮಾತ್ರ. ಹಾರ್ಡ್‌ಬೋರ್ಡ್ ಮಾದರಿಯ ಮೇಲೆ ತೂತಿನ ಜಾಗ, ಯು.ವಿ. ಬದಿ, ಶೀಟಿನ ದಪ್ಪ ಎಲ್ಲ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದರೆ ಎರಡನೇ ಸ್ಕ್ರೀನು ಒಂದು ಮಧ್ಯಾಹ್ನದ ಕೆಲಸ. 4 ಅಡಿ 8 ಅಡಿಯ ಶೀಟ್ ಕೊಂಡಿದ್ದರೆ ಅದಕ್ಕೆ ಬೇಕಾದಷ್ಟು ಉಳಿದೂ ಇರುತ್ತದೆ. ಬಿಚ್ಚಿದ ಹಳೆಯದರಲ್ಲಿ ಬಿರುಕಿಲ್ಲದ ಭಾಗವನ್ನು ಹೆಡ್‌ಲೈಟ್ ಮುಂದಿನ ಕಲ್ಲುತಡೆಗೆ ಕತ್ತರಿಸಿಕೊಳ್ಳಿ, ಉಳಿದ ಚೂರುಗಳನ್ನು ಶಾಂಪೂ ಪರೀಕ್ಷೆಗೆ ಇಟ್ಟುಕೊಳ್ಳಿ.